ಹಾರ್ಟಿಗೆ ಬಿಸಿಲು

“ನಿಮ್ಮ ಮಾವ ಟೆರೇಸ್ ಮೇಲೆ ಬಿದ್ಬುಟ್ಟವ್ರೆ, ಬೇಗ ಹೋಗಮ್ಮ!” ದಟ್ಟಗಳ್ಳಿಯ ನಮ್ಮ ಎದುರುಮನೆಯ ಸಾವಿತ್ರಮ್ಮ ತಮ್ಮ ಟೆರೇಸಿನಿಂದಲೇ ಕೂಗಿದರು. ಮಾವನಿಗೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿಸಿದ್ದೆವು. ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಹೊರಗಿನ ಮೆಟ್ಟಿಲು ಹತ್ತಿ ಓಡಿದೆ.

ಮಾವ ಅಂಗಿ ಬಿಚ್ಚಿ, ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಭುಜ ಹಿಡಿದು ಅಲುಗಾಡಿಸಿದೆ. ಒಂದು ಕಣ್ಣು ತೆರೆದು, “ಹಾರ್ಟಿಗೆ ಬಿಸಿಲು ಕೊಡ್ತಿದೀನಿ ಕಣಮ್ಮ. ಅತ್ಲಾಗೆ ನಿಂತ್ಕೊ, ನಿನ್ನ ನೆರಳು ಬೀಳ್ತದೆ” ಎಂದರು.

ರಕ್ತ ಪರೀಕ್ಷೆಯಲ್ಲಿ ಅವರಿಗೆ ವಿಟಮಿನ್ ಡಿ ಕಡಿಮೆ ಎಂದು ಬಂದಿತ್ತು. ಅದು ಕಡಿಮೆ ಇರುವವರಲ್ಲಿ ಹೃದ್ರೋಗ ಹೆಚ್ಚೆಂದು ಮೊಬೈಲಿನಲ್ಲಿ ಓದಿದ ಮಾವ, ಹಾಗಾದರೆ ಬಿಸಿಲೇ ಸಾಕೆಂದು ಹೃದಯದ ಮಾತ್ರೆಗಳನ್ನು ನಿಲ್ಲಿಸಿ ವಾರವಾಗಿತ್ತು. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಕೆಳಗೆ ಓಡಿ ಒಲೆ ಆರಿಸಿ ಬಂದೆ. ಅಂಗಿ ತೊಡಿಸಿ, ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಪುಣ್ಯಕ್ಕೆ ಇಸಿಜಿ ಸರಿಯಾಗಿತ್ತು.

“ಎರಡೂ ಒಟ್ಟಿಗೆ ಕಾಣಿಸ್ಕೊಳ್ಳೋದು ನಿಜ ಯಜಮಾನ್ರೇ. ಆದ್ರೆ ಡಿ ಸರಿಹೋದ್ರೆ ಹಾರ್ಟೂ ಸರಿಹೋಗುತ್ತೆ ಅಂತೇನಿಲ್ಲ. ಬಿಸಿಲಲ್ಲಿ ಕೂತ್ಕೊಳ್ಳಿ, ಬೇಡ ಅನ್ನಲ್ಲ. ಮಾತ್ರೆ ಮಾತ್ರ ಬಿಡ್ಬೇಡಿ” ಎಂದರು ಡಾಕ್ಟರು. ಮಾವ ಸ್ವಲ್ಪ ಬೇಸರದಿಂದಲೇ ಒಪ್ಪಿದರು.

ಅಂದು ಮೆಟ್ಟಿಲು ಹತ್ತುವಾಗ ನಾನು “ಅಪ್ಪಾ” ಎಂದು ಕಿರುಚಿದ್ದೆನಂತೆ. ಸಾವಿತ್ರಮ್ಮ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ಮದುವೆಯಾದಾಗಿನಿಂದ ಅವರನ್ನು “ಮಾವ” ಎಂದೇ ಕರೆದವಳು ನಾನು. ಈಗ ಮಾತ್ರೆ ಕೊಡುವಾಗಲೂ ಬಾಯಿಗೆ “ಅಪ್ಪಾ” ಎಂದೇ ಬರುತ್ತದೆ. ಅವರು ಏನನ್ನೂ ಕೇಳದೆ ಕೈ ಚಾಚುತ್ತಾರೆ.