ಟಚಿಂಗಮ್ಮನ ಅಕ್ಕ

ಅವಳಿಗೆ ಟಚಿಂಗಮ್ಮ ಎಂದು ಹೆಸರಿಟ್ಟವರು ಸ್ಟುಡಿಯೋದ ಯಜಮಾನರು. ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಚೆನ್ನಾಗಿಯೇ ಇತ್ತು. ಆದರೆ ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಅಕ್ಕ ತೀರಿಕೊಂಡ ಮೇಲೆ ಅದು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿಯಿತು.

ಕಂಪ್ಯೂಟರು ಬರುವುದಕ್ಕೆ ಮುಂಚೆ ಫೋಟೋದಲ್ಲಿ ಮುಖ ತಿದ್ದುವುದು, ಸ್ಟುಡಿಯೋದವರ ಮಾತಿನಲ್ಲಿ ಟಚಿಂಗ್, ಕೈಕೆಲಸ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡಂತೆ ಒಂದು ಇಳಿಜಾರು ಮೇಜು. ಮೇಜಿನ ನಡುವೆ ಮಸುಕು ಗಾಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಗಾಜಿನ ಮೇಲೆ ಅಂಗೈಯಗಲದ ನೆಗೆಟಿವ್ ಇಟ್ಟುಕೊಂಡು, ಸೂಜಿಯ ಹಾಗೆ ಹೆರೆದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡುತ್ತ ಕೂರುವುದು ಅವಳ ಉದ್ಯೋಗ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು ಅಲ್ಲಿ ತೆಳ್ಳನೆಯ ಬಿಳಿ ಗೆರೆ. ಆ ಗೆರೆಯನ್ನು ಪೆನ್ಸಿಲಿನಿಂದ ಮುಚ್ಚಿದರೆ ಅಚ್ಚಾದ ಫೋಟೋದಲ್ಲಿ ಸುಕ್ಕು ಮಾಯ. ನರೆಗೂದಲು ಮಾತ್ರ ನೆಗೆಟಿವ್‌ನಲ್ಲಿ ಕಪ್ಪು. ಅಲ್ಲಿ ಪೆನ್ಸಿಲಿನ ಆಟ ನಡೆಯದು, ಸಣ್ಣ ಚಾಕುವಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಪೆನ್ಸಿಲಿನದ್ದು ತಪ್ಪಾದರೆ ಟರ್ಪೆಂಟೈನ್ ಹಚ್ಚಿ ಒರೆಸಬಹುದು. ಚಾಕುವಿನದ್ದು ಕೆರೆದರೆ ಕೆರೆದ ಹಾಗೇ, ಹೋದದ್ದು ಹೋಯಿತು.

ಈ ಕೆಲಸದಲ್ಲಿ ಟಚಿಂಗಮ್ಮನದ್ದು ಎತ್ತಿದ ಕೈ. ಊರಿನ ಅರ್ಧ ಜನರ ವಯಸ್ಸು ಇಳಿಸಿದವಳು ಅವಳೇ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಜೋತುಬಿದ್ದ ಗದ್ದ, ಯಾವುದನ್ನೂ ಉಳಿಸುತ್ತಿರಲಿಲ್ಲ. ಫೋಟೋ ತೆಗೆದುಕೊಂಡು ಹೋಗಲು ಬಂದವರು ಅದನ್ನು ನೋಡಿ, ತಾವು ಇರುವುದೇ ಹೀಗೆ ಎಂಬ ಗತ್ತಿನಲ್ಲಿ ಕವರಿಗೆ ಹಾಕಿಕೊಂಡು ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ಒಬ್ಬಳು ಬೆನ್ನು ಬಗ್ಗಿಸಿ ಕೂತಿದ್ದಾಳೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅವಳಿಗೂ ಅವರ ಗುರುತು ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕಪ್ಪು ಹಲ್ಲು, ಬಿಳಿ ಹುಬ್ಬಿನ ಜನರನ್ನಷ್ಟೇ ಬಲ್ಲವಳು ಬೀದಿಯಲ್ಲಿ ಯಾರನ್ನು ಗುರುತು ಹಿಡಿದಾಳು? ದಿನವಿಡೀ ಮುಖಗಳ ಜೊತೆಗೇ ಇದ್ದವಳಿಗೆ ದಾರಿಯಲ್ಲಿ ನಿಂತು ಮಾತಾಡಿಸುವವರು ಒಬ್ಬರೂ ಇರಲಿಲ್ಲ.

ಮನೆಯಲ್ಲಿ ಅಕ್ಕ ಇದ್ದಳು, ಸಾಕಾಗಿತ್ತು. ತಂದೆತಾಯಿ ಬೇಗ ಹೋದ ಮೇಲೆ ತಂಗಿಯನ್ನು ಸಾಕಿದವಳು, ಓದಿಸಿದವಳು ಅಕ್ಕನೇ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿ ಬಾಣಲೆಯಿಂದ ಸಿಡಿದ ಎಣ್ಣೆ ಬಲಗೆನ್ನೆಯಿಂದ ದವಡೆಯವರೆಗೆ ಕಪ್ಪು ಕಲೆಯಾಗಿ ಕೂತಿತ್ತು. ವಯಸ್ಸಿಗೆ ಮುಂಚೆಯೇ ಹಣೆಯ ಒಂದು ಪಕ್ಕದಿಂದ ಬೆರಳಗಲ ನರೆ ಬಂದಿತ್ತು. ಕೇಳಿದವರಿಗೆ, ಕ್ಯಾಂಟೀನಿನ ಹಿಟ್ಟು ಮೆತ್ತಿಕೊಂಡಿದೆ, ಎಷ್ಟು ತೊಳೆದರೂ ಹೋಗುತ್ತಿಲ್ಲ ಎನ್ನುತ್ತಿದ್ದಳು. ನಂಬಿದವರೂ ಇದ್ದರು.

ಒಮ್ಮೆ ಯಜಮಾನರಿಗೆ ಸ್ಟುಡಿಯೋದ ಮುಂದಿನ ಗಾಜಿನ ಕಪಾಟಿಗೆ ಒಂದು ಮಾದರಿ ಫೋಟೋ ಬೇಕಾಯಿತು. ಟಚಿಂಗಮ್ಮ ಅಕ್ಕನನ್ನು ಬಲವಂತವಾಗಿ ಕರೆತಂದು ಕೂರಿಸಿದಳು. ಅಕ್ಕನ ನೆಗೆಟಿವ್‌ಗೆ ಅವಳು ಕೂತ ಹಾಗೆ ಬೇರೆ ಯಾವುದಕ್ಕೂ ಕೂತವಳಲ್ಲ. ಜೀವವನ್ನೆಲ್ಲ ಕೈಬೆರಳಿಗೆ ತಂದುಕೊಂಡು ಕೆನ್ನೆಯ ಕಲೆ ಮುಚ್ಚಿದಳು, ಕಣ್ಣಿನ ಸುತ್ತಲಿನ ದಣಿವು ಮುಚ್ಚಿದಳು, ನರೆಯನ್ನು ಚಾಕುವಿನಿಂದ ಎಳೆ ಎಳೆಯಾಗಿ ಕೆರೆದಳು. ಫೋಟೋ ದೊಡ್ಡದಾಗಿ ಅಚ್ಚಾಯಿತು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಕ್ಕ ಬಂದು ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು.

"ಚೆನ್ನಾಗಿದೆ ಕಣೆ," ಎಂದಳು. "ಯಾರಿದು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟಚಿಂಗಮ್ಮನೂ ನಕ್ಕಳು. ಆಮೇಲೆ ಆ ಫೋಟೋ ಕಪಾಟಿನಲ್ಲಿ ವರ್ಷಗಟ್ಟಲೆ ಇತ್ತು. ಕ್ಯಾಂಟೀನಿಗೆ ಹೋಗುವ ದಾರಿ ಅದೇ ಆದ್ದರಿಂದ ಅಕ್ಕ ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದಳು. ಫೋಟೋ ನೋಡುತ್ತ ನಿಂತವರು ಪಕ್ಕದಲ್ಲಿ ಹೋದವಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಾಲ ಬದಲಾಯಿತು, ಸ್ಟುಡಿಯೋ ಮುಚ್ಚಿತು. ಯಜಮಾನರು ಆ ದೊಡ್ಡ ಫೋಟೋವನ್ನು ಟಚಿಂಗಮ್ಮನಿಗೆ ಕೊಟ್ಟರು. ಕೆಲವು ವರ್ಷಕ್ಕೆ ಅಕ್ಕನೂ ಹೋದಳು. ಎರಡು ಕೋಣೆಯ ಮನೆಯಲ್ಲಿ ಉಳಿದದ್ದು ಟಚಿಂಗಮ್ಮ ಮತ್ತು ಗೋಡೆಯ ಮೇಲಿನ ಆ ಫೋಟೋ. ಮೊದಮೊದಲು ಅದು ಅವಳಿಗೆ ಸಮಾಧಾನ ಕೊಡುತ್ತಿತ್ತು. ಬರಬರುತ್ತ ಒಂದು ವಿಚಿತ್ರ ಶುರುವಾಯಿತು. ಕಣ್ಣು ಮುಚ್ಚಿ ಅಕ್ಕನನ್ನು ನೆನೆದರೆ ಬರುವುದು ಆ ಫೋಟೋದ ಮುಖ. ಕಲೆ ಇದ್ದದ್ದು ಗೊತ್ತು, ಆದರೆ ಅದರ ಅಂಚು ಎಲ್ಲಿಗೆ ನಿಲ್ಲುತ್ತಿತ್ತು? ನಗುವಾಗ ಬಾಯಿ ಯಾವ ಕಡೆಗೆ ಸರಿಯುತ್ತಿತ್ತು? ತರಕಾರಿ ಹೆಚ್ಚುತ್ತ ಕೂತ ಅಕ್ಕನನ್ನು ನೆನಪಿಸಿಕೊಂಡರೂ ಕೈ ಅಕ್ಕನದ್ದು, ಮುಖ ಕಪಾಟಿನದ್ದು. ಒಂದು ಮಧ್ಯಾಹ್ನ ಅನ್ನದ ತಟ್ಟೆ ಮುಂದಿಟ್ಟುಕೊಂಡು ಇದನ್ನೇ ಯೋಚಿಸಿದವಳು ಉಣ್ಣದೆ ಎದ್ದುಬಿಟ್ಟಳು. ಅಕ್ಕ ಹೋದದ್ದು ಒಂದು ನೋವಾದರೆ, ಮುಖವೂ ಹೋಗುತ್ತಿದೆಯಲ್ಲ ಎನ್ನುವುದು ಇನ್ನೊಂದು.

ಅದಕ್ಕೇ ಅವಳು ಸಂಜೆಯ ಚಿತ್ರಕಲಾ ತರಗತಿಗೆ ಸೇರಿದ್ದು. ಅಕ್ಕನನ್ನು ಅಕ್ಕ ಇದ್ದ ಹಾಗೆ ಒಮ್ಮೆ ಕಾಗದದ ಮೇಲೆ ತಂದುಬಿಟ್ಟರೆ ಇನ್ನು ಕಳೆದುಹೋಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಪೆನ್ಸಿಲ್ ಹಿಡಿದೇ ಜೀವನ ಕಳೆದವಳಿಗೆ ಅದೇನು ಮಹಾ ಎಂದುಕೊಂಡಿದ್ದಳು.

ತರಗತಿ ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೇಷ್ಟ್ರು ಅವಳಿಗಿಂತ ಎಷ್ಟೋ ಚಿಕ್ಕವರು, ಮಾತು ಕಡಿಮೆ. ಅವರ ಪಾಠವೆಲ್ಲ ನೋಡಿ ಬರೆಯುವುದು: ಚೆಂಬು, ಚಪ್ಪಲಿ, ಆಮೇಲೆ ಫೋಟೋ. ವಿದ್ಯಾರ್ಥಿಗಳ ಪೈಕಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗೆ ಇದು ಸರಿಬೀಳುತ್ತಿರಲಿಲ್ಲ. ನೋಡಿ ಬರೆದದ್ದು ನಕಲು, ಮನಸ್ಸಿನಿಂದ ಬರೆದದ್ದೇ ಕಲೆ ಎಂದು ವಾದ ಹೂಡಿ, ಸಾಕ್ಷಿಗೆಂದು ಮನಸ್ಸಿನಿಂದ ಕುದುರೆಗಳನ್ನು ಬರೆದು ತೋರಿಸುತ್ತಿದ್ದರು. ಅವು ಕುದುರೆಗಳೆಂದು ಅವರೇ ಹೇಳಬೇಕಾಗುತ್ತಿತ್ತು.

"ನಿಮ್ಮ ಕುದುರೆಗಳೆಲ್ಲಾ ಒಂದೇ ಥರ ಇವೆ ಸಾರ್," ಎಂದರು ಮೇಷ್ಟ್ರು ಒಂದು ದಿನ. "ನೋಡದೆ ಬರೆದ್ರೆ ಕೈ ತನಗೆ ಗೊತ್ತಿರೋದನ್ನೇ ಬರೀತಾ ಹೋಗತ್ತೆ."

ಮ್ಯಾನೇಜರು ಮುಖ ಊದಿಸಿಕೊಂಡರು. ಆ ಮಾತು ನಾಟಿದ್ದು ಮಾತ್ರ ಟಚಿಂಗಮ್ಮನಿಗೆ. ಅಂದು ಮೇಷ್ಟ್ರು ಎಲ್ಲರಿಗೂ ಒಬ್ಬ ಮುದುಕನ ಫೋಟೋ ಕೊಟ್ಟಿದ್ದರು. ಮುಖವೆಲ್ಲ ಗೆರೆ, ಗುಳಿಬಿದ್ದ ಕೆನ್ನೆ. ಅವಳು ಫೋಟೋದಿಂದ ಕಣ್ಣು ಕದಲಿಸದೆ ಬರೆದಿದ್ದಳು. ಅಳತೆ ಸರಿ, ಮೂಗು ಸರಿ, ಆದರೆ ಕಾಗದದ ಮೇಲೆ ಕೂತಿದ್ದವನು ಮದುವೆಗೆ ಹೊರಟ ವರ. ತರಗತಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಂದೇ ಒಂದು ಸುಕ್ಕು ಬಿದ್ದಿರಲಿಲ್ಲ. ಬಿಡಬೇಕೆಂದು ಬಿಟ್ಟದ್ದಲ್ಲ, ಕಣ್ಣು ಸುಕ್ಕನ್ನು ಕಂಡ ಕೂಡಲೇ ಕೈ ಅದನ್ನು ಅಳಿಸಿಹಾಕುತ್ತಿತ್ತು.

ಇಷ್ಟಾದರೂ ಅವಳು ಗೋಡೆಯ ಫೋಟೋ ಇಳಿಸಿ ತಂದು, ಅದನ್ನು ನೋಡಿ ಅಕ್ಕನನ್ನು ಬರೆದಳು. ಮೇಷ್ಟ್ರು ಚಿತ್ರವನ್ನಲ್ಲ, ಫೋಟೋವನ್ನೇ ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲಾ ನುಣುಪು, ಇದರಲ್ಲಿ ಪೆನ್ಸಿಲಿಗೆ ಹಿಡಿಯುವುದಕ್ಕೆ ಏನೂ ಇಲ್ಲ, ಬೇರೆ ಫೋಟೋ ಇದ್ದರೆ ತನ್ನಿ ಎಂದರು. ಬೇರೆ ಎಲ್ಲಿಂದ ತರುವುದು? ಅಕ್ಕನ ಫೋಟೋ ಎಂದು ಇದ್ದವೆಲ್ಲ ಅದೇ ಸ್ಟುಡಿಯೋದಲ್ಲಿ ತೆಗೆದವು. ಒಂದೊಂದೂ ತಂಗಿಯ ಪೆನ್ಸಿಲಿನ ಕೆಳಗೆ ಹಾದು ಬಂದವು. ಪ್ರೀತಿಯಿಂದಲೇ ಮಾಡಿದ್ದಳು, ಯಾರೂ ಹೇಳದಿದ್ದರೂ ಮಾಡಿದ್ದಳು. ಆ ಸಂಜೆ ಫೋಟೋವನ್ನು ಎದೆಗೆ ಅವಚಿಕೊಂಡು ಮನೆಗೆ ನಡೆದು ಬರುವಾಗ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು.

ಬೀಗ ತೆಗೆಯುವ ಹೊತ್ತಿಗೆ ಟರ್ಪೆಂಟೈನ್ ನೆನಪಾಯಿತು. ಫೋಟೋ ಕಾಗದದ ಮೇಲೆ ಇಲ್ಲದ ಅಕ್ಕ ನೆಗೆಟಿವ್‌ನಲ್ಲಿ ಪೆನ್ಸಿಲಿನ ಕೆಳಗೆ ಇದ್ದಾಳು.

ಯಜಮಾನರು ಮಗಳ ಮನೆಯ ಮಹಡಿಯ ಕೋಣೆಯಲ್ಲಿದ್ದರು, ಹಳೆಯ ನೆಗೆಟಿವ್‌ಗಳ ಡಬ್ಬಿಗಳ ನಡುವೆ. ಎಸೆಯಿರಿ ಎಂದು ಮಗಳು ದಿನವೂ ಗೊಣಗುತ್ತಿದ್ದಳಂತೆ. ಅವರು ಕಿವಿಯ ಯಂತ್ರ ಸರಿಮಾಡಿಕೊಂಡು ಟಚಿಂಗಮ್ಮನ ಮಾತನ್ನೆಲ್ಲ ಕೇಳಿದರು. ಡಬ್ಬಿಯಿಂದ ಆ ನೆಗೆಟಿವ್ ಹುಡುಕಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕೊಡಲು ಮಾತ್ರ ಕೈ ಮುಂದೆ ಬರಲಿಲ್ಲ.

"ನಮ್ಮ ಸ್ಟುಡಿಯೋದಲ್ಲಿ ಇದಕ್ಕಿಂತ ಒಳ್ಳೆ ಕೆಲಸ ಆಗಲಿಲ್ಲಮ್ಮ," ಎಂದರು. "ನಿನ್ನ ಕೈಯಾರೆ ಒರೆಸ್ತೀನಿ ಅಂತೀಯಲ್ಲ. ನಿನ್ನಕ್ಕ ಫೋಟೋದಲ್ಲಿ ಇದ್ದೇ ಇದ್ದಾಳಲ್ಲ."

"ಅಲ್ಲಿರೋದು ನಾನು ಯಜಮಾನ್ರೆ. ಅಕ್ಕ ಅಲ್ಲ."

ಅವರು ನೆಗೆಟಿವ್‌ಗೆ ಕಾಗದ ಸುತ್ತಿ ಕೊಟ್ಟರು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದು ಕೆಲಸ ಎಂಬುದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಕಿಟಕಿಗೆ ಒಂದು ಗಾಜು ಒರಗಿಸಿ, ಅದರ ಮೇಲೆ ನೆಗೆಟಿವ್ ಇಟ್ಟು, ಹತ್ತಿಗೆ ಟರ್ಪೆಂಟೈನ್ ಹನಿಸಿಕೊಂಡಳು. ಮೊದಲ ಸಲ ಕೈ ಹಿಂದಕ್ಕೆ ತೆಗೆದಳು. ಭೂತಗನ್ನಡಿಯಲ್ಲಿ ನೋಡಿದರೆ ತಾನಿಟ್ಟ ಚುಕ್ಕಿಗಳು ಒಂದಕ್ಕೊಂದು ತಾಗದೆ, ಒಂದನ್ನೊಂದು ಬಿಡದೆ, ಎಷ್ಟು ಅಚ್ಚುಕಟ್ಟಾಗಿ ಕೂತಿದ್ದವು. ಇಂಥದ್ದು ಇನ್ನು ಅವಳಿಂದ ಆಗುವಂತಿರಲಿಲ್ಲ. ಕಣ್ಣೂ ಆಗಿನದ್ದಲ್ಲ. ಆಮೇಲೆ ಹಲ್ಲು ಕಚ್ಚಿಕೊಂಡು ಒರೆಸಿದಳು.

ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಮೊದಲು ಕೆನ್ನೆಯ ಕಲೆ ಬಂತು, ಅಂಚು ದವಡೆಯ ಮೂಳೆಯ ಹತ್ತಿರ ಎರಡಾಗಿ ಒಡೆದಿತ್ತು. ಹೌದಲ್ಲ, ಒಡೆದಿತ್ತು. ಕಣ್ಣಿನ ಕೆಳಗಿನ ದಣಿವು ಬಂತು. ಅಷ್ಟು ಚಿಕ್ಕ ವಯಸ್ಸಿಗೇ ಅಕ್ಕ ಅಷ್ಟು ದಣಿದಿದ್ದಳು. ಕೊನೆಗೆ ಬಾಯಿಯ ಎಡತುದಿಯಲ್ಲಿ ಒಂದು ಚಿಕ್ಕ ಗೆರೆ ಬಂತು. ಅದನ್ನು ಕಂಡು ಟಚಿಂಗಮ್ಮ ಹತ್ತಿ ಕೆಳಗಿಟ್ಟಳು. ನಗು ತಡೆಯಲಾಗದೆ ಹೋದಾಗ ಅಕ್ಕ ಒಳಗಿನಿಂದ ಕೆನ್ನೆ ಕಚ್ಚಿಕೊಳ್ಳುತ್ತಿದ್ದಳು. ಅಂದು ಯಜಮಾನರು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಮಾಡುತ್ತಿದ್ದ ಸರ್ಕಸ್ ಅಕ್ಕನಿಗೆ ನಗು ತರಿಸಿತ್ತು. ಆ ಗೆರೆಯನ್ನು ತಂಗಿ ಸುಕ್ಕು ಎಂದುಕೊಂಡು ಮುಚ್ಚಿಬಿಟ್ಟಿದ್ದಳು. ಟಚಿಂಗಮ್ಮ ಕಿಟಕಿಯ ಕಟ್ಟೆಗೆ ತಲೆಯೊರಗಿಸಿ, ಕೇಳಲು ಯಾರೂ ಇಲ್ಲದ ಮನೆಯಲ್ಲಿ ಗಟ್ಟಿಯಾಗಿಯೇ ಅತ್ತಳು.

ಫೋಟೋ ಅಂಗಡಿಯಲ್ಲಿ ಆ ನೆಗೆಟಿವ್‌ನಿಂದ ಹೊಸ ಪ್ರಿಂಟು ಹಾಕಿಸಿಕೊಂಡು ಬಂದು ಅವಳು ತರಗತಿಯಲ್ಲಿ ಬರೆಯಲು ಕೂತಳು. ಕೈ ಹಳೆಯ ಚಾಳಿಗೆ ಹೋದಾಗಲೆಲ್ಲ ಮತ್ತೆ ಫೋಟೋ ನೋಡುವಳು, ಬರೆಯುವಳು, ಅಳಿಸುವಳು. ಕಲೆಯ ಅಂಚಿಗೇ ಒಂದು ವಾರ ಹಿಡಿಯಿತು. ಮ್ಯಾನೇಜರು ಪಕ್ಕದಲ್ಲಿ ನಿಂತು, ಇನ್ನೂ ನಕಲೇ ನಡೆದಿದೆಯಾ ಎಂದರು. ಹೌದು ಸಾರ್, ಅದೇ ಬರುತ್ತಿಲ್ಲ ಎಂದಳು.

ಕೂದಲಿಗೆ ಬಂದಾಗ ಪೆನ್ಸಿಲ್ ನಿಂತಿತು. ನರೆ ಪ್ರಿಂಟಿನಲ್ಲಿ ಇರಲಿಲ್ಲ. ಅದು ಚಾಕುವಿನ ಕೆಲಸ, ಟರ್ಪೆಂಟೈನಿಗೆ ಬರುವುದಲ್ಲ. ನೋಡಿ ಬರೆಯಲು ಏನೂ ಇಲ್ಲದ ಜಾಗ ಅದೊಂದೇ. ಅವಳು ಕಣ್ಣು ಮುಚ್ಚಿದಳು. ಅಕ್ಕ ತಲೆ ಬಾಚಿಕೊಳ್ಳುತ್ತ ಕನ್ನಡಿಯ ಮುಂದೆ ನಿಂತಿದ್ದಳು, ಕೆನ್ನೆಯ ತುಂಬ ಕಲೆ ಹೊತ್ತುಕೊಂಡು, ತನ್ನದೇ ಮುಖದಲ್ಲಿ. ಬಾಚಣಿಗೆ ಹಣೆಯಿಂದ ಹಿಂದಕ್ಕೆ ಹೋಯಿತು. ಟಚಿಂಗಮ್ಮ ಕಣ್ಣು ತೆರೆದು ಆ ದಾರಿಯ ಎರಡು ಬದಿಯ ಕೂದಲನ್ನು ಕಪ್ಪಗೆ ತುಂಬಿದಳು. ನಡುವಿನ ಬೆರಳಗಲ ಕಾಗದವನ್ನು ಮುಟ್ಟಲಿಲ್ಲ.

ಮೇಷ್ಟ್ರು ಸುತ್ತು ಹಾಕುತ್ತ ಬಂದು ಬಗ್ಗಿ ನೋಡಿದರು. ಒಂದು ಕಿವಿ ಚಿಕ್ಕದಾಗಿದೆ, ಮೂಗು ತುಸು ಸೊಟ್ಟ ಎಂದರು. ಕೂದಲಿನಲ್ಲಿ ಖಾಲಿ ಬಿಟ್ಟುಹೋಗಿದೆ ಎಂದುಕೊಂಡು ತಮ್ಮ ಪೆನ್ಸಿಲನ್ನು ಅಲ್ಲಿಗೆ ತಂದರು. ಟಚಿಂಗಮ್ಮ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಅಲ್ಲಿ ಮುಟ್ಟಬೇಡಿ ಮೇಷ್ಟ್ರೆ. ಅದು ನರೆ."

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಮುಖವನ್ನು ಇನ್ನೊಮ್ಮೆ ನೋಡಿ, ಹೋಲಿಕೆ ಬಂದಿದೆಯೋ ಇಲ್ಲವೋ ನೀವೇ ಹೇಳಬೇಕು, ನಾನು ಅವರನ್ನು ನೋಡಿಲ್ಲವಲ್ಲ ಎಂದರು.

ಆ ಮಾತು ಅವಳ ಜೊತೆಗೇ ಮನೆಗೆ ಬಂತು. ನಿಜ, ಇನ್ನು ಯಾರನ್ನು ಕೇಳುವುದು? ಕ್ಯಾಂಟೀನಿನವರು ಚದುರಿಹೋಗಿದ್ದರು. ಯಜಮಾನರು ಅಕ್ಕನನ್ನು ನೋಡಿದ್ದು ಹೆಚ್ಚಾಗಿ ಕ್ಯಾಮೆರಾದ ಗಾಜಿನಲ್ಲಿ. ಅಕ್ಕನ ಮುಖ ಹೇಗಿತ್ತೆಂದು ಬಲ್ಲವಳು ಈ ಭೂಮಿಯ ಮೇಲೆ ತಾನೊಬ್ಬಳೇ, ತಾನು ಹೋದರೆ ಅದೂ ಇಲ್ಲ. ಅವಳು ದೊಡ್ಡ ಫೋಟೋ ಇದ್ದ ಮೊಳೆಗೆ ಚಿತ್ರವನ್ನು ತೂಗುಹಾಕಿ, ನೀರು ಕುಡಿದು ಬಂದು, ಹೊರಗಿನವರು ನೋಡುವ ಹಾಗೆ ದೂರ ನಿಂತು ನೋಡಿದಳು. ಕಿವಿ ಚಿಕ್ಕದೇ, ಮೂಗು ಸೊಟ್ಟವೇ. ಚೆನ್ನಾಗೇನೂ ಇರಲಿಲ್ಲ. ಆದರೆ ಯಾರಿದು ಎಂದು ಅಕ್ಕ ಕೇಳುತ್ತಿರಲಿಲ್ಲ.