ಎಣ್ಣೆ ಬೇಡದ ಬೇರಿಂಗು

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ಡು, ಅಲ್ಲಿ ನನಗೆ ಕೆಲಸ. ಬೇರಿಂಗುಗಳಿಗೆ ಕಪ್ಪು ಪುಡಿಯ ತೆಳು ಲೇಪ ಹೊಡೆದು, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತೇವೆ. ರಾಮನಗರದಲ್ಲಿ ರೇಷ್ಮೆಗೂಡು ಒಣಗಿಸುವ ಬಿಸಿ ಕೋಣೆಗಳಿಗೆ ಹೋಗಿಬರುವ ತಳ್ಳುಗಾಡಿಗಳ ಚಕ್ರದಲ್ಲಿ ಅವು ಕೂರುತ್ತವೆ. ಅಲ್ಲಿ ಎಣ್ಣೆ ಹಾಕಿದರೆ ಕಾವಿಗೆ ಸುಟ್ಟು ಅಂಟಾಗುತ್ತದೆ, ಆ ಅಂಟು ಮಾಗಿಯ ಬೆಳಗಿನ ಚಳಿಗೆ ಗಟ್ಟಿಯಾಗಿ ಚಕ್ರ ಹಿಡಿದುಕೊಳ್ಳುತ್ತದೆ. ನಮ್ಮ ಲೇಪಕ್ಕೆ ಕಾವೂ ಚಳಿಯೂ ಒಂದೇ, ಒಣಗಿದ್ದುಕೊಂಡೇ ಜಾರುತ್ತದೆ. ಅವ್ವನಿಗೆ ಎಷ್ಟು ಸಲ ಹೇಳಿದರೂ, "ಎಣ್ಣೆ ಇಲ್ದೆ ಚಕ್ರ ತಿರುಗ್ತದಾ? ಸುಮ್ಕಿರು," ಎನ್ನುತ್ತಿದ್ದಳು.

ಅವ್ವ ಮರಳವಾಡಿ ಕಡೆಯವಳು. ಗಾಡಿಯ ಅಚ್ಚಿಗೆ, ಬಾಗಿಲ ತಿರುಗಣಿಗೆ, ನಮ್ಮ ತಲೆಗೆ, ಎಲ್ಲಕ್ಕೂ ಹರಳೆಣ್ಣೆ. ಭಾನುವಾರ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿ ನೆತ್ತಿಗೆ ಎಣ್ಣೆ ತಟ್ಟದಿದ್ದರೆ ಅವಳ ವಾರ ಮುಗಿಯುತ್ತಿರಲಿಲ್ಲ. ನನ್ನ ತಲೆ ನರೆತರೂ ಅದು ತಪ್ಪಿರಲಿಲ್ಲ.

ಹೋದ ಆಯುಧಪೂಜೆಗೆ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ನಾವೆಲ್ಲ ಬೂದುಗುಂಬಳ ಒಡೆಯಲು ಹೊರಗೆ ಹೋಗಿ ಬರುವಷ್ಟರಲ್ಲಿ, ಅವ್ವ ದೀಪಕ್ಕೆಂದು ತಂದಿದ್ದ ಎಣ್ಣೆಯನ್ನು ಅಂಗೈಗೆ ಬಗ್ಗಿಸಿಕೊಂಡು, ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಒಂದೊಂದು ಬೇರಿಂಗಿಗೂ ಸವರುತ್ತಿದ್ದಳು. ಕುಂಕುಮ ಬೇರೆ.

"ಎಲ್ಲಾ ಒಣಗೋಗಿದ್ವು ಕಣವ್ವ. ಹಬ್ಬದ ದಿನ ನೋಡಕ್ಕಾಗ್ನಿಲ್ಲ, ಒಸಿ ಎಣ್ಣೆ ಮುಟ್ಟಿಸ್ದೆ," ಎಂದಳು ನನ್ನನ್ನು ನೋಡಿ.

ಹಬ್ಬ ಮುಗಿದೊಡನೆ ಕಳಿಸಬೇಕಿದ್ದ ಮಾಲು ಅದು. ಶೆಡ್ಡಿನ ಓನರ್ರು ಮಾತ್ರ ನಕ್ಕುಬಿಟ್ಟರು. "ಬುಡಿ ಅವ್ವಾ, ಎಣ್ಣೆ ತಾಕುದ್ರೆ ಇವು ಕೆಟ್ಟೋಯ್ತವೆ. ತೊಳ್ದು ಇನ್ನೊಂದ್ಸಲ ಲೇಪ ಹೊಡುದ್ರಾಯ್ತು." ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳೋ ಏನೋ. ನಾನು ಲೇಪ ತೆಗೆದು ತೊಳೆಯುವುದನ್ನು ಗೋಡೆಗೊರಗಿ ಕೂತು ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

ಮುಂದಿನ ಭಾನುವಾರ ಎಣ್ಣೆ ಬಾಟಲಿ ಗೋಡೆಯ ಗೂಡಿನಿಂದ ಇಳಿಯಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾಕೆಂದು ಕೇಳಿದೆ.

"ನನ್ ಕೈ ಬ್ಯಾಡ ಕಣವ್ವ. ಎಣ್ಣೆ ತಾಕುದ್ರೆ ಕೆಡೋವೂ ಅವೆ ಅಂತ ಈ ವಯಸ್ಸಲ್ಲಿ ಗೊತ್ತಾಯ್ತು."

ನಗಬೇಕೆಂದುಕೊಂಡೆ, ಆಗಲಿಲ್ಲ. ಅವ್ವ ಎಂದೂ ಬಾಯಿಬಿಟ್ಟು ಮುದ್ದು ಮಾಡಿದವಳಲ್ಲ. ಅವಳ ಮುದ್ದೆಲ್ಲ ಆ ಅಂಗೈಯಲ್ಲೇ ಇತ್ತು. ಅದು ನಿಂತುಹೋಗುತ್ತದೆ ಎಂದು ನನಗೆ ನಿಜಕ್ಕೂ ಭಯವಾಯಿತು.

ನಾನೇ ಬಾಟಲಿ ಇಳಿಸಿ ಅವಳ ಕೈಗೆ ಕೊಟ್ಟೆ. ಜಡೆ ಬಿಚ್ಚಿಕೊಂಡು ಅವಳ ಮುಂದೆ ನೆಲದ ಮೇಲೆ ಕೂತೆ.

"ಅವ್ವಾ, ನಾನೇನು ಒಲೇಲಿ ಬೇಯ್ಸಿದ್ ಬೇರಿಂಗಾ? ನೆತ್ತಿ ಒಣಗೋಗೈತೆ, ಆಕು."

ಬೆನ್ನ ಹಿಂದೆ ಮುಚ್ಚಳ ತಿರುಗಿದ ಸದ್ದು ಕೇಳಿಸಿತು. ಕೈ ನೆತ್ತಿಯವರೆಗೆ ಬಂದು ನಿಂತಿತು.

"ಒಸಿ ಸಾಕಾ, ಜಾಸ್ತಿ ಬೇಕಾ?" ಎಂದು ಕೇಳಿದಳು. ಹಿಂದೆ ಒಂದು ದಿನವೂ ಹಾಗೆ ಕೇಳಿದವಳಲ್ಲ.

"ಸುರಿ," ಎಂದೆ.