ಎರಡು ಸಲ ಹಾರ್ನ್

ನಮ್ಮ ಪಕ್ಕದ ಮನೆಯ ಡ್ರೈವರ್ ನಿವೃತ್ತನಾದ ಮೇಲೆ ಬಸ್ ಹತ್ತುವುದನ್ನೇ ಬಿಟ್ಟ. ಇನ್ನೊಬ್ಬ ಓಡಿಸುವ ಬಸ್ಸಿನಲ್ಲಿ ಕೂತರೆ ಅವನ ಬಲಗಾಲು ಸುಮ್ಮನಿರುವುದಿಲ್ಲ; ತಿರುವು ಬಂದಲ್ಲೆಲ್ಲ ಬ್ರೇಕ್ ಒತ್ತುತ್ತಿರುತ್ತದೆ. ಒಮ್ಮೆ ಹೀಗೆ ಒತ್ತಿ ಒತ್ತಿ, ಮುಂದಿನ ಸೀಟಿನ ಹೆಂಗಸಿನ ಚೀಲ ಜಜ್ಜಿ ಬೈಸಿಕೊಂಡಿದ್ದ. ಹಾಗಾಗಿ ತಂಗಿಯ ಊರಿಗೆ ಹೋಗಬೇಕು ಅನ್ನಿಸಿದಾಗ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟು, ಕ್ಯಾರಿಯರ್‌ಗೆ ಬ್ಯಾಗ್ ಬಿಗಿದು, ಒಬ್ಬನೇ ಹೊರಟ.

"ಈ ವಯಸ್ಸಲ್ಲಿ ಸೈಕಲ್ ಮೇಲೆ ಅಷ್ಟು ದೂರ ಹೋದ್ರೆ, ನಾನೇ ಮನೆಯಿಂದ ಓಡಿಸ್ದೆ ಅಂತಾರೆ ಜನ," ಅಂದಳು ಹೆಂಡತಿ.

ಕೆಲಸದಲ್ಲಿದ್ದಷ್ಟು ಕಾಲವೂ ಅವನಿಗೆ ಡಿಪೋದಲ್ಲಿ 'ಗಡಿಯಾರ' ಅಂತಲೇ ಹೆಸರು. ಓಡೋಡಿ ಬರುವವರನ್ನು ಕನ್ನಡಿಯಲ್ಲಿ ನೋಡಿಯೂ ನಿಲ್ಲಿಸದ ಆಸಾಮಿ. ತಂಗಿಯ ಮನೆ ಅವನ ಬಸ್ಸಿನ ದಾರಿಯಲ್ಲೇ, ರಸ್ತೆಯ ಅಂಚಿಗಿತ್ತು; ಆದರೆ ಅಲ್ಲಿ ಸ್ಟಾಪ್ ಇರಲಿಲ್ಲ. ಹಾದುಹೋಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅವಳು ಬಾಗಿಲಿಗೆ ಬಂದು ಕೈ ಎತ್ತುತ್ತಿದ್ದಳು. ಅಣ್ಣ ತಂಗಿಯ ಸಂಬಂಧ ಅಷ್ಟರಲ್ಲೇ ನಡೆದುಕೊಂಡು ಬಂತು. ಗಂಡ ತೀರಿಕೊಂಡ ಮೇಲೆ ಅವಳು ಬಾಗಿಲಿಗೆ ಬರುವುದು ನಿಂತಿತು. ಪಾಪ, ಹೊಲಿಗೆ ಕೆಲಸ ಜಾಸ್ತಿಯಾಗಿರಬೇಕು ಅಂದುಕೊಂಡ ಈ ಪುಣ್ಯಾತ್ಮ. ಈಗ ಪುರುಸೊತ್ತಿದೆ, ಅವಳ ಮನೆಯಲ್ಲಿ ಕಾಲು ಚಾಚಿ ಕೂರಬೇಕು, 'ಅಣ್ಣ, ಇನ್ನೆರಡು ದಿನ ಇದ್ದು ಹೋಗು' ಅಂತ ಅವಳ ಬಾಯಲ್ಲಿ ಅನ್ನಿಸಿಕೊಳ್ಳಬೇಕು ಅನ್ನುವುದೊಂದೇ ಅವನ ಆಸೆ.

ಹೊರಟ ಮಾರನೆಯ ದಿನದ ಕಥೆಯನ್ನು ಅವನೇ ನನಗೆ ಹೇಳಿದ್ದು. ರಾತ್ರಿ ದಾರಿಯಲ್ಲಿ ತಂಗಿದ್ದ ಲಾಡ್ಜಿನಿಂದ ಬೆಳಿಗ್ಗೆ ಹೊರಡುವಾಗ ತೊಡೆ ಕಲ್ಲಾಗಿತ್ತಂತೆ. ಬಸ್ಸನ್ನು ಸೆಕೆಂಡ್ ಗೇರಿಗೆ ಹಾಕಿ ಏರಿಸುತ್ತಿದ್ದ ದಿಬ್ಬವನ್ನು ಸೈಕಲ್ ತಳ್ಳಿಕೊಂಡು ಏರಿದ. ಅವನು ಓಡಿಸುತ್ತಿದ್ದ ಬಸ್ಸೇ ಹಿಂದಿನಿಂದ ಬಂದು, ಹಾರ್ನ್ ಹೊಡೆದು, ಅವನನ್ನು ಮಣ್ಣಿಗಿಳಿಸಿ ಹೋಯಿತು. "ಕುರುಡ ನನ್ಮಗ," ಅಂತ ಬೈದ. ತಾನೂ ಎಷ್ಟು ಜನರ ಬಾಯಲ್ಲಿ ಹೀಗೆ ಅನ್ನಿಸಿಕೊಂಡಿರಬಹುದು ಅಂತ ಆಮೇಲೆ ಹೊಳೆಯಿತಂತೆ.

ಬಿಸಿಲು ಇಳಿಯುವ ಹೊತ್ತಿಗೆ ತಂಗಿಯ ಮನೆ ತಲುಪಿದ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಬಾ ಅಂದಳು, ನೀರು ಕೊಟ್ಟಳು, ಮತ್ತೆ ಹೋಗಿ ಮಿಷನ್ ಮುಂದೆ ಕೂತಳು. ಮಾತು ಎಲ್ಲಿಂದ ಶುರು ಮಾಡುವುದೋ ಅವನಿಗೆ ತಿಳಿಯಲಿಲ್ಲ.

"ಒಂದಿನಾನೂ ಹಾರ್ನ್ ಹೊಡೀದೆ ಹೋಗಿಲ್ಲಮ್ಮ ನಾನು," ಅಂದ.

"ಗೊತ್ತು. ನಮ್ಮನೆಯವ್ರು ತೀರ್ಕೊಂಡ ದಿನಾನೂ ಹೊಡೆದಿದ್ದೆ."

"ನಂಗಿನ್ನೂ ಸುದ್ದಿ ಬಂದಿರ್ಲಿಲ್ಲ ಕಣೇ."

"ಮನೆ ಮುಂದೆ ಜನ ನಿಂತಿದ್ದು ಕಾಣ್ಲಿಲ್ವಾ ಅಣ್ಣ?"

ಕಂಡಿತ್ತು. ಏನೋ ಆಗಿದೆ ಅಂತಲೂ ಅನ್ನಿಸಿತ್ತು. ವಾಪಸ್ ಬರುವಾಗ ವಿಚಾರಿಸಿದರಾಯಿತು ಅಂತ, ಹಾರ್ನ್ ಹೊಡೆದು ಜನರನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಿದ್ದ. ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸಂಜೆ ಇಳಿದು ಬಂದ್ನಲ್ಲ," ಅಂದ.

ತಂಗಿ ಬಟ್ಟೆಯಿಂದ ಕಣ್ಣೆತ್ತಿದಳು. "ಬಂದೆ. ಬಸ್ಸಿನ ಇಂಜಿನ್ ಮಾತ್ರ ಆಫ್ ಮಾಡಿರ್ಲಿಲ್ಲ. ನೀನೇನೋ ಹೇಳ್ತಾ ಇದ್ದೆ. ಆ ಸದ್ದಲ್ಲಿ ನಂಗೇನೂ ಕೇಳಿಸ್ಲಿಲ್ಲ."

ಅವನು ತಪ್ಪಾಯಿತು ಅನ್ನಬಹುದಿತ್ತು, ಅನ್ನಲಿಲ್ಲ. ಇದನ್ನು ನನಗೆ ಹೇಳುವಾಗಲೂ, "ಬಸ್ ತುಂಬ ಜನ ಇದ್ರಲ್ಲ, ನಾನೇನು ಮಾಡ್ಲಿ?" ಅಂದ. ನನಗೆ ಮೈಯೆಲ್ಲ ಉರಿಯಿತು.

ತಂಗಿ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಈಗ ಹೊರಟ್ರೆ ಕತ್ತಲಾಗೋದ್ರೊಳಗೆ ಮುಂದಿನ ಊರು ಸಿಗುತ್ತೆ ಅಣ್ಣ. ಲೇಟ್ ಮಾಡ್ಕೋಬೇಡ."

ಕ್ಯಾರಿಯರ್‌ನಿಂದ ಬ್ಯಾಗನ್ನು ಬಿಚ್ಚಿಯೂ ಇರಲಿಲ್ಲ. ಸೈಕಲ್ ತಿರುಗಿಸಿ ರಸ್ತೆಗೆ ತಂದ. ಹತ್ತಿ ಕೂತದ್ದೇ ತಡ, ಹೆಬ್ಬೆರಳು ತಾನಾಗಿ ಬೆಲ್ಲಿನ ಮೇಲೆ ಹೋಯಿತು. ಬೇಡ ಅಂದುಕೊಳ್ಳುವಷ್ಟರಲ್ಲಿ ಎರಡು ಸಲ ಬಾರಿಸಿಯೇ ಬಿಟ್ಟಿದ್ದ. ಒಂದು ಕಾಲು ನೆಲಕ್ಕೂರಿ, ಬಾಗಿಲು ನೋಡುತ್ತ ನಿಂತ. ಒಳಗೆ ಮಿಷನ್ ಓಡುತ್ತಲೇ ಇತ್ತು.